ಹಳೆಯ ಬೇರ್ ಗ್ರಿಜ್ಲಿ ಬಿಲ್ಲು, ವಿಜಯಪುರದ ಬೇಸಿಗೆ

ಮಾರ್ಚ್ ಬಂತೆಂದರೆ ಈ ಬಿಲ್ಲನ್ನು ಬೆಳಿಗ್ಗೆ ಎಂಟರೊಳಗೆ ಹೆದೆ ಇಳಿಸಿ ಒಳಗಿಟ್ಟುಬಿಡಬೇಕು. ಅಮೆರಿಕದ ಬೇರ್ ಕಂಪನಿಯ ಹಳೆಯ ಗ್ರಿಜ್ಲಿ ಬಿಲ್ಲನ್ನು, ಅಂದರೆ ಎಳೆಯಲು 45 ಪೌಂಡು ಬಲ ಬೇಡುವ ಬಿಲ್ಲನ್ನು, ವಿಜಯಪುರದಲ್ಲಿ ಹಲವು ಬೇಸಿಗೆ ಬಳಸಿದ ಮೇಲೆ ಮೊದಲು ಹೇಳಬೇಕೆನಿಸುವ ಮಾತು ಇದೇ. ಅಮೆರಿಕದವರು ಬರೆದದ್ದನ್ನು ಓದಿದರೆ ಚಳಿ, ಹಿಮ, ಜಿಂಕೆ ಬೇಟೆಯ ಮಾತೇ ಜಾಸ್ತಿ. 40 ಡಿಗ್ರಿ ದಾಟಿದ ಊರಲ್ಲಿ ಈ ಬಿಲ್ಲು ಏನಾಗುತ್ತದೆ ಅನ್ನೋದನ್ನು ನಮ್ಮ ಕಡೆಯವರೇ ಬರೆದುಕೊಳ್ಳಬೇಕು.

ಲಿಂಬ್ ಅಂದರೆ ಹಿಡಿಯ ಮೇಲೆ ಕೆಳಗೆ ಬಾಗುವ ತೋಳು: ತೆಳ್ಳನೆಯ ಮರದ ಪಟ್ಟಿಗಳು, ಅವುಗಳ ಹಿಂದೆ ಮುಂದೆ ಫೈಬರ್‌ಗ್ಲಾಸ್, ನಡುವೆ ಅಂಟು. ಇಷ್ಟನ್ನೂ ಹಿಡಿದಿಟ್ಟಿರುವುದು ಆ ಅಂಟು. ಕಾಯ್ದಾಗ ಅದು ಮೆತ್ತಗಾಗುತ್ತದೆ. ಹೆದೆ ಏರಿಸಿದ ಬಿಲ್ಲಿನಲ್ಲಿ ಲಿಂಬ್ ಆಗಲೇ ಬಾಗಿ ನಿಂತಿರುತ್ತದೆ, ಹಾಗಾಗಿ ಮೆತ್ತಗಾದ ಅಂಟಿನ ಮೇಲೆ ಪೂರ್ತಿ ಒತ್ತಡ ಬೀಳುತ್ತದೆ. ಆಮೇಲೆ ಎರಡರಲ್ಲಿ ಒಂದು ಆಗಬಹುದು: ಲಿಂಬ್ ತಿರುಚಿಕೊಳ್ಳುತ್ತದೆ, ಇಲ್ಲವೇ ಗ್ಲಾಸ್ ಮರದಿಂದ ಬಿಡುತ್ತದೆ. ಗ್ಲಾಸ್ ಬಿಟ್ಟ ಬಿಲ್ಲಿನ ಕಥೆ ಮುಗಿದಂತೆ. ಫೆವಿಕ್ವಿಕ್ ಹಾಕಿ ಮತ್ತೆ ಎಳೆಯುವ ಸಾಹಸ ಬೇಡವೇ ಬೇಡ, ಸಿಡಿದರೆ ಮುಖದ ಹತ್ತಿರವೇ ಸಿಡಿಯುತ್ತದೆ.

ಮಧ್ಯಾಹ್ನ ಮುಚ್ಚಿದ ಕಾರಿನಲ್ಲಿ ಐದು ನಿಮಿಷವೂ ಬಿಡಬಾರದು. ಬಾಗಲಕೋಟೆಗೋ ಬೆಳಗಾವಿಗೋ ಒಯ್ಯುವುದಿದ್ದರೆ ಹೆದೆ ಇಳಿಸಿ, ಕೌದಿಯಲ್ಲಿ ಸುತ್ತಿ, ಊಟಕ್ಕೆ ನಿಂತಲ್ಲಿ ಬಿಲ್ಲನ್ನೂ ಜೊತೆಗೆ ಒಳಗೆ ತಗೊಂಡು ಹೋಗಬೇಕು. ಮನೆಯಲ್ಲಿ ತಗಡಿನ ಕೋಣೆಯೂ ಬೇಡ, ಆರ್‌ಸಿಸಿ ಮನೆಯ ಮೇಲಿನ ಮಹಡಿಯೂ ಬೇಡ. ಹಳೆಯ ಮಣ್ಣಿನ ಮಾಳಿಗೆ ಮನೆ ಇದ್ದವರು ಪುಣ್ಯವಂತರು. ಪಡುವಣ ಗೋಡೆ ಬಿಟ್ಟು ಒಳಗೋಡೆಗೆ ಎರಡು ಮರದ ಗೂಟ ಬಡಿದು, ಬಟ್ಟೆ ಸುತ್ತಿ, ಅಡ್ಡಡ್ಡ ಮಲಗಿಸಿಡಬೇಕು. ಮೂಲೆಗೆ ಆನಿಸಿ ನಿಲ್ಲಿಸಿದರೆ ಇಡೀ ಭಾರ ಕೆಳಗಿನ ತುದಿಯ ಮೇಲೆ ಬಿದ್ದು ಲಿಂಬ್ ಕ್ರಮೇಣ ಸೊಟ್ಟಗಾಗುತ್ತದೆ. ನನಗೆ ಮಾರಿದವರು ಹಾಗೇ ಇಟ್ಟಿದ್ದರೆಂದು ಕಾಣುತ್ತದೆ, ಕೆಳಗಿನ ಲಿಂಬ್ ತಿರುಚಿಕೊಂಡೇ ಬಂದಿತ್ತು. ಫೋಟೊದಲ್ಲಿ ಅದು ತೋರಿರಲಿಲ್ಲ, ಅವರೂ ಹೇಳಲಿಲ್ಲ. ಆ ಸಿಟ್ಟು ಇನ್ನೂ ಇದೆ.

ತಿರುಚು ಸ್ವಲ್ಪ ಇದ್ದರೆ ಸರಿಯಾಗುತ್ತದೆ. ಹೆದೆ ಏರಿಸಿ, ಹೆದೆ ನಿಮ್ಮ ಕಡೆ ಬರುವಂತೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ. ಹೆದೆ ಎರಡೂ ಲಿಂಬಿನ ನಟ್ಟನಡುವೆ ಹಾಯಬೇಕು. ಒಂದು ಕಡೆ ವಾಲಿದ್ದರೆ ಹೆದೆ ಇಳಿಸಿ, ಕೈ ತಾಳುವಷ್ಟು ಬಿಸಿಯಾದ ನೀರಲ್ಲಿ ಅದ್ದಿದ ಟವೆಲನ್ನು ಆ ಲಿಂಬಿಗೆ ಕೆಲ ನಿಮಿಷ ಸುತ್ತಿ. ನಂತರ ವಾಲಿದ್ದಕ್ಕೆ ಎದುರು ದಿಕ್ಕಿಗೆ, ಬೇಕಾದ್ದಕ್ಕಿಂತ ತುಸು ಹೆಚ್ಚೇ ತಿರುವಿ, ಪೂರ್ತಿ ಆರುವವರೆಗೆ ಹಿಡಿದಿರಬೇಕು. ಒಂದೇ ದಿನದಲ್ಲಿ ಆಗುವ ಕೆಲಸವಲ್ಲ. ಅವಸರಕ್ಕೆ ಹೀಟ್ ಗನ್ ಹಿಡಿದರೆ ಮೇಲೆ ಹೇಳಿದ ಅಂಟಿನ ಗತಿಯೇ.

ಇಷ್ಟೆಲ್ಲ ಕಾಟ ಕೊಟ್ಟ ಬಿಲ್ಲನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೇನೆ ಅಂದರೆ ಹೆದೆಯ ಕೆಲಸದಿಂದ. ಇದನ್ನು ಕೊಳ್ಳುವಾಗ ನಿರೀಕ್ಷಿಸಿರದ ಸುಖ ಅದು. ವಿಜಯಪುರ ಸೈಕ್ಲಿಂಗ್ ಊರು, ಸೈಕಲ್ಲಿನ ಚಿಕ್ಕ ಬಿಡಿಭಾಗವೂ ಹುಡುಕಿದರೆ ಸಿಗುತ್ತದೆ. ಬಿಲ್ಲಿನ ಹೆದೆಗೆ ಆ ಸೌಕರ್ಯವಿಲ್ಲ, ನಾವೇ ಹೊಸೆಯಬೇಕು. ಹಳೆಯ ಬಿಲ್ಲಿಗೆ ಡೆಕ್ರಾನ್ ಎಂಬ ಪಾಲಿಯೆಸ್ಟರ್ ನೂಲೇ ಆಗಬೇಕು: ಬಿ-50 ಅಥವಾ ಬಿ-55. ಈಗಿನ ಫಾಸ್ಟ್ ಫ್ಲೈಟ್ ನೂಲು ಅಷ್ಟಾಗಿ ಹಿಗ್ಗುವುದಿಲ್ಲ, ಅದರ ಏಟಿಗೆ ಬಲಪಡಿಸದ ಹಳೆಯ ತುದಿಗಳು ಸೀಳಬಹುದು. 35ರಿಂದ 45 ಪೌಂಡಿಗೆ 12 ಎಳೆ, ಅದಕ್ಕೂ ಮೇಲೆ 55ರವರೆಗೆ 14 ಎಳೆ. ನನ್ನ ಗ್ರಿಜ್ಲಿಯ ಉದ್ದ 58 ಇಂಚು, ಅದರಲ್ಲಿ 4 ಕಳೆದರೆ ಹೆದೆ 54 ಇಂಚು.

ಜೇನುಮೇಣ ಹಚ್ಚುವುದಕ್ಕೂ ಒಂದು ಕ್ರಮವಿದೆ. ಎರೆಭೂಮಿಯ ಕರಿ ಧೂಳು ಹಳೆಯ ಮೇಣಕ್ಕೆ ಅಂಟಿಕೊಂಡು ನೂಲನ್ನು ಸವೆಸುತ್ತದೆ. ಅದಕ್ಕೇ ಮೊದಲು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಬೇಕು. ಆಮೇಲೆ ಮೇಣವನ್ನು ತೆಳ್ಳಗೆ ಎಳೆದು, ಮಡಚಿದ ಚರ್ಮದ ತುಂಡಿನಲ್ಲಿ ಹೆದೆಯನ್ನು ಹಿಡಿದು ಬೆರಳು ಬಿಸಿಯಾಗುವವರೆಗೆ ಮೇಲೆ ಕೆಳಗೆ ಉಜ್ಜಬೇಕು. ಮೇಣ ಕರಗಿ ಎಳೆಗಳ ಒಳಗೆ ಇಳಿದಾಗ ಹೆದೆ ದುಂಡಗೆ, ನುಣ್ಣಗೆ ಆಗುತ್ತದೆ. ಮುಗಿದ ಮೇಲೂ ಆ ವಾಸನೆ ಕೈಗೆ ಹತ್ತಿರುತ್ತದೆ.

ಹೆದೆ ಏರಿಸಲು ಸ್ಟ್ರಿಂಗರ್, ಅಂದರೆ ಎರಡು ತುದಿಗೂ ಚರ್ಮದ ಚೀಲವಿರುವ ಹಗ್ಗ, ಬೇಕೇ ಬೇಕು. ಕಾಲು ಸಿಕ್ಕಿಸಿ ತೊಡೆಗೆ ಆನಿಸಿ ಬಗ್ಗಿಸಿದರೆ ಲಿಂಬ್ ಓರೆಯಾಗಿ ಬಾಗುತ್ತದೆ, ತಿರುಚು ಶುರುವಾಗುವುದೇ ಅಲ್ಲಿಂದ. ಸ್ಟ್ರಿಂಗರಿನ ದೊಡ್ಡ ಚರ್ಮದ ಚೀಲ ಕೆಳ ತುದಿಗೆ, ಚಿಕ್ಕದು ಮೇಲಿನ ಲಿಂಬಿಗೆ. ಹಗ್ಗದ ಮೇಲೆ ಕಾಲಿಟ್ಟು ಹಿಡಿಯನ್ನು ನೇರ ಮೇಲಕ್ಕೆತ್ತಿ, ಇನ್ನೊಂದು ಕೈಯಿಂದ ಹೆದೆಯ ಕುಣಿಕೆಯನ್ನು ತುದಿಯ ಕಚ್ಚಿಗೆ ಜಾರಿಸಬೇಕು. ಎರಡೂ ಕುಣಿಕೆ ಸರಿಯಾಗಿ ಕೂತಿವೆಯೇ ಎಂದು ಬೆರಳಿಂದ ಮುಟ್ಟಿ ನೋಡಿದ ಮೇಲೇ ಹಗ್ಗ ಸಡಿಲಿಸಬೇಕು. ನಂತರ ಹಿಡಿಯ ಆಳವಾದ ಜಾಗದಿಂದ ಹೆದೆಗೆ ಅಳತೆ: ಏಳೂವರೆಯಿಂದ ಎಂಟೂವರೆ ಇಂಚಿನೊಳಗೆ ಎಲ್ಲಿ ಸದ್ದು ಕಡಿಮೆಯೋ ಅಲ್ಲಿ ನಿಲ್ಲಿಸಿ. ಈ ಅಂತರವೇ ಹೆದೆಯ ಎತ್ತರ, ಅದು ಸಾಲದಿದ್ದರೆ ಹೆದೆ ಹೊಸೆದ ದಿಕ್ಕಿಗೇ ಇನ್ನು ಕೆಲವು ಸುತ್ತು ಹಾಕಿ. ಹೊಸ ಡೆಕ್ರಾನ್ ಮೊದಮೊದಲು ಹಿಗ್ಗುತ್ತದೆ, ದಿನಾ ಅಳೆಯಿರಿ. ಸರಿಯಾದ ಎತ್ತರಕ್ಕೆ ಬಂದ ದಿನ ಟಣ್ ಅನ್ನುತ್ತಿದ್ದ ಬಿಲ್ಲು ಧಪ್ ಅನ್ನುತ್ತದೆ, ಹಿಡಿದ ಕೈಗೆ ನಡುಕವೇ ಬರುವುದಿಲ್ಲ. ಆಗ ಬೇಸಿಗೆಯ ಕಾಟ ಮರೆತುಹೋಗುತ್ತದೆ.

ಬಿಲ್ಲಿನ ಮೇಲೆ ಬರೆದ 45 ಪೌಂಡು 28 ಇಂಚು ಎಳೆದಾಗಿನ ಲೆಕ್ಕ. ನನ್ನ ಎಳೆತ 26 ಇಂಚು. ಇಂಚಿಗೆ ಎರಡು, ಎರಡೂವರೆ ಪೌಂಡು ಇಳಿಯುವುದರಿಂದ ಬೆರಳಿಗೆ ಬರುವುದು ಸುಮಾರು 40. ಬಾಣವನ್ನು ಇದಕ್ಕೆ ತಕ್ಕಂತೆ ಆರಿಸಿಕೊಳ್ಳಬೇಕು, ತೂಕ 400 ಗ್ರೇನ್ ಆಸುಪಾಸು, ಅಂದರೆ 26 ಗ್ರಾಂ. ಬಂಗಾರದಂಗಡಿಯ ತಕ್ಕಡಿಯಲ್ಲಿ ತೂಗಿಸಿದರೆ ನಿಖರ. ತೀರ ಹಗುರ ಬಾಣ ಬಿಟ್ಟರೆ ಶಕ್ತಿ ಲಿಂಬಿಗೇ ತಿರುಗಿ ಬಡಿಯುತ್ತದೆ. ಬಾಣವಿಲ್ಲದೆ ಹೆದೆ ಬಿಡುವುದಂತೂ ಬಿಲ್ಲಿನ ಕೊಲೆ. ಬಾಣವನ್ನು ಶೆಲ್ಫಿನ (ಹಿಡಿಯ ಮೇಲೆ ಬಾಣ ಕೂರುವ ಅಂಚಿನ) ಮೇಲಿಂದಲೇ ಬಿಡುವುದರಿಂದ ಬಾಣದ ಹಿಂದೆ ಹಕ್ಕಿಯ ಗರಿಯೇ ಇರಲಿ, ಗರಿಯ ಬದಲು ಹಚ್ಚುವ ಪ್ಲಾಸ್ಟಿಕ್ ವೇನ್ ಶೆಲ್ಫಿಗೆ ತಾಗಿ ಬಾಣವನ್ನು ಪಕ್ಕಕ್ಕೆ ಒದೆಯುತ್ತದೆ. ಬೆಳಗಾವಿಯವರಿಗೆ ಇಲ್ಲಿ ಬೇರೆ ತಾಪತ್ರಯ: ಜೂನ್‌ನಿಂದ ಮಳೆಗೆ ಗರಿ ಮುದುಡುತ್ತದೆ, ಮರದ ಬಾಣ ಡೊಂಕಾಗುತ್ತದೆ. ಗುರಿಗೆ ಗೋಣಿಚೀಲದಲ್ಲಿ ಹಳೆ ಸೀರೆ, ಪಂಚೆ ಒತ್ತೊತ್ತಿ ತುಂಬಿದರೆ ಸಾಕು. ಹಿಂದೆ ಕಲ್ಲಿಲ್ಲದ ಮಣ್ಣಿನ ದಿಬ್ಬ ಇರಲೇಬೇಕು.

ಈಗಷ್ಟೇ ಬಿಲ್ಲು ಹಿಡಿಯುವವರು ಇದನ್ನು ಕೊಳ್ಳಬೇಡಿ. 25–30 ಪೌಂಡಿನ ಹೊಸ ಟೇಕ್‌ಡೌನ್ (ಬಿಚ್ಚಿ ಜೋಡಿಸುವ) ಬಿಲ್ಲಲ್ಲಿ ಬೆನ್ನಿನಿಂದ ಎಳೆಯುವುದು ರೂಢಿಯಾಗಲಿ. ನೇರ 45ಕ್ಕೆ ಕೈಹಾಕಿದರೆ ಭುಜ ನೋಯುತ್ತದೆ, ಪೂರ್ತಿ ಎಳೆಯುವ ಮೊದಲೇ ಬಿಡುವ ಚಟ ಹತ್ತುತ್ತದೆ, ಆ ಚಟ ಬಿಡಿಸುವುದು ಬಲು ಕಷ್ಟ.

ಸಂಗ್ರಹಕ್ಕೆ ಇಳಿಯುವವರಿಗೆ ಒಂದು ಎಚ್ಚರಿಕೆ. ಬೇರ್ ಬಿಲ್ಲುಗಳ ಮೇಲೆ ‘ಕೆನಡಾ 1953’ ಎಂದು ಇರುವುದು ಪೇಟೆಂಟಿನ ವರ್ಷ, ಬಿಲ್ಲು ಹುಟ್ಟಿದ ವರ್ಷವಲ್ಲ. ಅದನ್ನೇ ತೋರಿಸಿ 1953ರ ಬಿಲ್ಲೆಂದು ದುಪ್ಪಟ್ಟು ಕೇಳುವವರಿದ್ದಾರೆ. ಹಿಡಿಯ ಹತ್ತಿರ ಕೂರಿಸಿದ ಕಂಪನಿಯ ಗುರುತಿನ ನಾಣ್ಯ ಮರದ ಮಟ್ಟಕ್ಕೇ ಕೂತಿದ್ದರೆ 1972 ಅಥವಾ ಅದಕ್ಕೂ ಹಿಂದಿನದು, ಉಬ್ಬಿದ್ದರೆ ನಂತರದ್ದು. ಕಂಪನಿ ಮಿಚಿಗನ್‌ನ ಗ್ರೇಲಿಂಗ್ ಬಿಟ್ಟು ಫ್ಲಾರಿಡಾದ ಗೇನ್ಸ್‌ವಿಲ್‌ಗೆ ಹೋದದ್ದು 1978ರಲ್ಲಿ, ಊರ ಹೆಸರೂ ವಯಸ್ಸು ಹೇಳುತ್ತದೆ.

ದುಡ್ಡು ಕಳಿಸುವ ಮುಂಚೆ ಹೆದೆ ಏರಿಸಿದ ಬಿಲ್ಲನ್ನು ಹೆದೆಯ ಕಡೆಯಿಂದ ತೆಗೆದ ಫೋಟೊ, ಎರಡೂ ತುದಿಗಳ ಹತ್ತಿರದ ಫೋಟೊ, ಗ್ಲಾಸ್ ಮರಕ್ಕೆ ಕೂಡುವ ಅಂಚಿನ ಫೋಟೊ ಕೇಳಿ. ಗ್ಲಾಸಿನಲ್ಲಿ ಉದ್ದಕ್ಕೆ ಎಳೆದಂಥ ಸಣ್ಣ ಗೆರೆಗಳಿಗೆ ಹೆದರಬೇಕಿಲ್ಲ. ಅಡ್ಡ ಬಿರುಕು ಕಂಡರೆ ಎಷ್ಟೇ ಅಗ್ಗವಿದ್ದರೂ ಬಿಟ್ಟುಬಿಡಿ. ಬಿಲ್ಲು ಕೈಗೆ ಬಂದ ಮೇಲೆ ಅಂಚಿನುದ್ದಕ್ಕೂ ಹತ್ತಿಯುಂಡೆ ಸವರಿ, ಎಳೆ ಸಿಕ್ಕಿಕೊಂಡಲ್ಲಿ ಸೀಳಿದೆ ಎಂದರ್ಥ. ಕೊರಿಯರ್ ಮತ್ತು ಸುಂಕ ಸೇರಿದರೆ ಖರ್ಚು ಬಿಲ್ಲಿನ ಬೆಲೆಯ ಹತ್ತಿರ ಬರುತ್ತದೆ. ಒಂದೇ ತುಂಡಿನ ಬಿಲ್ಲು ಡಬ್ಬಿಯೊಳಗೆ ಒಂದೂವರೆ ಮೀಟರ್ ಮೀರಿದರೆ ಹಲವರು ಒಯ್ಯುವುದೇ ಇಲ್ಲ, ಅದನ್ನೂ ಮೊದಲೇ ವಿಚಾರಿಸಿಕೊಳ್ಳಿ.