ಐರನ್‌ವುಲ್ಫ್ 8 ಟಿಬಿ: ವಾರಂಟಿ ಮುಗಿದ ಮೇಲಿನ ವಿಮರ್ಶೆ

ಸೀಗೇಟ್ ಕಂಪೆನಿಯ 8 ಟಿಬಿ ಐರನ್‌ವುಲ್ಫ್ ಹಾರ್ಡ್ ಡ್ರೈವ್ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಮೂರು ವರ್ಷಗಳ ವಾರಂಟಿ ಅವಧಿಯನ್ನು ದಾಟಿ ಇಂದಿಗೂ ಸುಸ್ಥಿತಿಯಲ್ಲಿದೆ. ಕುಂಬಳೆ ಸೀಮೆಯ ತಾಳಮದ್ದಳೆ ಕೂಟಗಳ ಕ್ಯಾಸೆಟ್ಟುಗಳೂ ಬಯಲಾಟಗಳ ಮಿನಿ ಡಿವಿ (ವಿಡಿಯೋ ಕ್ಯಾಮರಾದ ಪುಟ್ಟ ಕ್ಯಾಸೆಟ್) ಟೇಪುಗಳೂ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು ಹಾಳಾಗುವ ಮೊದಲೇ ಅವುಗಳನ್ನು ಕಂಪ್ಯೂಟರಿಗೆ ಇಳಿಸಬೇಕೆಂದು ಇದನ್ನು ಕೊಂಡೆ. ಆ ಟೇಪುಗಳಲ್ಲಿರುವ ಎಷ್ಟೋ ಅರ್ಥಧಾರಿಗಳು, ಭಾಗವತರು ಈಗ ನಮ್ಮೊಡನಿಲ್ಲ. ಅವರ ಸ್ವರ ಬೇರೆಲ್ಲೂ ಉಳಿದಿಲ್ಲ. ಆದ್ದರಿಂದ ಡ್ರೈವ್ ಎಷ್ಟು ಹಿಡಿಯುತ್ತದೆ ಎಂಬುದಕ್ಕಿಂತಲೂ ಅದನ್ನು ಎಷ್ಟು ನಂಬಬಹುದು ಎಂಬುದೇ ನನಗೆ ಮುಖ್ಯವಾಗಿತ್ತು.

ಜಾಗದ ಲೆಕ್ಕ ಸರಳ. ಮಿನಿ ಡಿವಿ ಟೇಪನ್ನು ಮೂಲ ರೂಪದಲ್ಲೇ ಇಳಿಸಿದರೆ ಗಂಟೆಗೆ ಸುಮಾರು 13 ಜಿಬಿ ಬೇಕು. ಇಡೀ ರಾತ್ರಿಯ ಒಂದು ಆಟಕ್ಕೆ 100 ಜಿಬಿ ಸಾಲದು. ಸಿ.ಡಿ. ಗುಣಮಟ್ಟದ ಧ್ವನಿಯಾದರೆ ಗಂಟೆಗೆ ಸುಮಾರು 635 ಎಂಬಿ ಮಾತ್ರ. 8 ಟಿಬಿಯಲ್ಲಿ ಸುಮಾರು 600 ಗಂಟೆಗಳ ಡಿವಿ ವಿಡಿಯೋ ಹಿಡಿಯುತ್ತದೆ.

ಡ್ರೈವ್ ಆಯ್ಕೆ ಮಾಡುವಾಗ ಹೆಚ್ಚಿನವರು ಬೆಲೆಯನ್ನೂ ಸಾಮರ್ಥ್ಯವನ್ನೂ ನೋಡುತ್ತಾರೆ. ಬರೆಯುವ ವಿಧಾನವನ್ನು ನೋಡುವವರು ಕಡಿಮೆ. ಸಿಎಂಆರ್ ಎಂಬ ಸಾಂಪ್ರದಾಯಿಕ ವಿಧಾನದಲ್ಲಿ ಡ್ರೈವಿನೊಳಗೆ ತಿರುಗುವ ತಟ್ಟೆಯ ಮೇಲೆ ಮಾಹಿತಿ ಬರೆಯುವ ಒಂದೊಂದು ಪಥವೂ ಪಕ್ಕದ್ದನ್ನು ಮುಟ್ಟದೆ ಬೇರೆಯಾಗಿರುತ್ತದೆ. ಎಸ್‌ಎಂಆರ್ ವಿಧಾನದಲ್ಲಿ ಪಥಗಳು ಮಾಡಿನ ಹಂಚುಗಳಂತೆ ಒಂದರ ಅಂಚನ್ನು ಇನ್ನೊಂದು ಮುಚ್ಚಿಕೊಂಡಿರುತ್ತವೆ. ಇದರಿಂದ ಅಷ್ಟೇ ತಟ್ಟೆಯಲ್ಲಿ ಹೆಚ್ಚು ಮಾಹಿತಿ ಹಿಡಿಸುವುದಾದರೂ, ಒಂದು ಪಥವನ್ನು ತಿದ್ದಬೇಕಾದಾಗ ಅದರ ಮುಂದಿನ ಪಥಗಳ ಗುಂಪನ್ನೇ ಮತ್ತೆ ಬರೆಯಬೇಕಾಗುತ್ತದೆ. ಈ ತೊಡಕು ಕಾಣಿಸದಿರಲೆಂದು ಡ್ರೈವ್ ಮೊದಲು ಒಂದು ತಾತ್ಕಾಲಿಕ ಜಾಗದಲ್ಲಿ ಬರೆದುಕೊಂಡು, ಬಿಡುವಿದ್ದಾಗ ಸ್ಥಳಾಂತರಿಸುತ್ತದೆ. ದಿನಕ್ಕೆ ನಾಲ್ಕು ಫೋಟೋ ಹಾಕುವವರಿಗೆ ಇದರ ಅರಿವೇ ಆಗದು. ಆದರೆ ನೂರಾರು ಜಿಬಿಯನ್ನು ಎಡೆಬಿಡದೆ ತುಂಬಿಸುವವರಿಗೆ ಆ ತಾತ್ಕಾಲಿಕ ಜಾಗ ಮುಗಿದ ಕೂಡಲೇ ವೇಗ ಪಾತಾಳಕ್ಕಿಳಿಯುತ್ತದೆ.

ಇದನ್ನು ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆಂದು ನೆಚ್ಚಿಕೊಳ್ಳುವಂತಿಲ್ಲ. ವೆಸ್ಟರ್ನ್ ಡಿಜಿಟಲ್ ಕಂಪೆನಿಯ 2ರಿಂದ 6 ಟಿಬಿವರೆಗಿನ ಕೆಲವು ರೆಡ್ ಡ್ರೈವ್‌ಗಳು ಎಸ್‌ಎಂಆರ್ ಎಂಬ ಸಂಗತಿ 2020ರಲ್ಲಿ ಬಯಲಾಗಿ ಗ್ರಾಹಕರು ಆಕ್ಷೇಪಿಸಿದ ಬಳಿಕವೇ ಯಾವ ಮಾದರಿ ಯಾವ ವಿಧಾನದ್ದೆಂಬ ಪಟ್ಟಿಗಳು ಸ್ಪಷ್ಟವಾಗಿ ಪ್ರಕಟವಾದವು. ಸೀಗೇಟ್‌ನ ಪಟ್ಟಿಯ ಪ್ರಕಾರ 8 ಟಿಬಿ ಬ್ಯಾರಾಕುಡಾ ಎಸ್‌ಎಂಆರ್, ಅದೇ ಸಾಮರ್ಥ್ಯದ ಐರನ್‌ವುಲ್ಫ್ ಸಿಎಂಆರ್. ಬ್ಯಾರಾಕುಡಾದ ಬೆಲೆ ಕಡಿಮೆಯಿದ್ದರೂ ನಾನು ಐರನ್‌ವುಲ್ಫ್ ಆರಿಸಿಕೊಂಡದ್ದು ಈ ಒಂದೇ ಕಾರಣಕ್ಕೆ. ವರ್ಷಕ್ಕೆ 180 ಟಿಬಿ ಬರೆಯುವ ಓದುವ ಕೆಲಸಕ್ಕೆ ಅದು ತಯಾರಾದದ್ದೆಂಬುದು ನನಗೆ ಹೆಚ್ಚುವರಿ ಲಾಭವಷ್ಟೆ.

ಖರೀದಿಯನ್ನು ಮಂಗಳೂರಿನ ಅಂಗಡಿಯಲ್ಲಿ ಮಾಡಿದೆ. ಪಾರ್ಸೆಲಿನಲ್ಲಿ ಎತ್ತಿ ಎಸೆಯಬಾರದ ವಸ್ತು ಇದು. ಕಾಸರಗೋಡಿನವರಿಗೆ ಸುಮಾರು ಐವತ್ತು ಕಿಲೋಮೀಟರಿನ ಪ್ರಯಾಣ ಹೊರೆಯಲ್ಲ. ಹಣ ಕೊಡುವ ಮೊದಲು ಡ್ರೈವಿನ ಸೀರಿಯಲ್ ನಂಬರನ್ನು ಕಂಪೆನಿಯ ಜಾಲತಾಣದಲ್ಲಿ ಹಾಕಿ ಭಾರತದಲ್ಲಿ ವಾರಂಟಿ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳುವುದು ಒಳ್ಳೆಯದು.

ಜೋಡಣೆಯಲ್ಲಿ ಕಷ್ಟವೇನೂ ಇಲ್ಲ, ಆದರೆ ಕೆಲವು ಸಂಗತಿಗಳನ್ನು ಮೊದಲೇ ತಿಳಿದಿರಬೇಕು. ಬಿಡಿಯಾಗಿ ಮಾರುವ ಡ್ರೈವಿನೊಂದಿಗೆ ಸಾಮಾನ್ಯವಾಗಿ ಅದನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲಾಗಲಿ ಸ್ಕ್ರೂಗಳಾಗಲಿ ಬರುವುದಿಲ್ಲ. ದೊಡ್ಡ ಸಾಮರ್ಥ್ಯದ ಹಲವು ಡ್ರೈವ್‌ಗಳಲ್ಲಿ ನಡುವಿನ ಸ್ಕ್ರೂ ತೂತುಗಳು ಹಳೆಯ ಜಾಗದಲ್ಲಿರುವುದಿಲ್ಲವಾದ್ದರಿಂದ ಹಳೆಯ ಕ್ಯಾಬಿನೆಟ್ಟಿನಲ್ಲಿ ಡ್ರೈವ್ ಕೂರಿಸುವ ಟ್ರೇಗೆ ಅವು ಸರಿಯಾಗಿ ಕೂಡದಿರಬಹುದು. ಕಂಪ್ಯೂಟರಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್‌ನಲ್ಲಿ ಸಾಟಾ ಪವರ್ ವಯರು ಉಳಿದಿಲ್ಲವೆಂದು, ಹಳೆಯ ನಮೂನೆಯ ಮೋಲೆಕ್ಸ್ ವಯರಿಗೆ ಸಿಕ್ಕಿಸುವ ಅಗ್ಗದ ಅಡಾಪ್ಟರ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ವಯರುಗಳನ್ನು ಪ್ಲಾಸ್ಟಿಕ್ಕಿನೊಳಗೆ ಎರಕಹೊಯ್ದು ಮಾಡಿದ ಅಂತಹ ಅಡಾಪ್ಟರುಗಳು ಒಳಗೊಳಗೇ ಶಾರ್ಟ್ ಆಗಿ ಸುಟ್ಟ ಉದಾಹರಣೆಗಳಿವೆ.

ವಿಂಡೋಸ್‌ನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ಡ್ರೈವಿನ ಜಾಗದ ವಿಂಗಡಣೆಯನ್ನು ದಾಖಲಿಸಲು ಎಂಬಿಆರ್ ಬೇಕೇ ಜಿಪಿಟಿ ಬೇಕೇ ಎಂದು ಕೇಳುತ್ತದೆ. ಇಲ್ಲಿ ಜಿಪಿಟಿಯನ್ನೇ ಆರಿಸಬೇಕು, ಏಕೆಂದರೆ ಎಂಬಿಆರ್‌ನ ಲೆಕ್ಕ ಸುಮಾರು 2.2 ಟಿಬಿಗೆ ಮುಗಿದು ಉಳಿದ ಜಾಗ ಬಳಕೆಗೆ ಸಿಗುವುದಿಲ್ಲ. ಫಾರ್ಮ್ಯಾಟ್ ಆದ ಮೇಲೆ 7.27 ಟಿಬಿ ಮಾತ್ರ ಕಂಡರೆ ಗಾಬರಿಯಾಗಬೇಕಿಲ್ಲ. ಕಂಪೆನಿ ಸಾವಿರದ ಲೆಕ್ಕದಲ್ಲಿ ಮಾರುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ ತೋರಿಸುತ್ತದೆ.

ಒಂದೇ ಒಂದು ಟೇಪನ್ನು ಇಳಿಸುವ ಮುನ್ನ ಡ್ರೈವನ್ನು ಪೂರ್ತಿ ಪರೀಕ್ಷಿಸಿದೆ. ಕ್ವಿಕ್ ಫಾರ್ಮ್ಯಾಟ್ ಬಿಟ್ಟು ಪೂರ್ಣ ಫಾರ್ಮ್ಯಾಟ್ ಮಾಡಿ, ಆಮೇಲೆ ಡ್ರೈವ್ ತನ್ನ ಆರೋಗ್ಯವನ್ನು ತಾನೇ ದಾಖಲಿಸುವ ಸ್ಮಾರ್ಟ್ ವ್ಯವಸ್ಥೆಯ ದೀರ್ಘ ಪರೀಕ್ಷೆ ನಡೆಸಿದೆ. ಇಷ್ಟು ದೊಡ್ಡ ಡ್ರೈವಿಗೆ ಇವುಗಳಲ್ಲಿ ಒಂದೊಂದೂ ಅರ್ಧ ದಿನಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಆ ಹೊತ್ತು ವ್ಯರ್ಥವಲ್ಲ. ದೋಷವಿದ್ದರೆ ಡ್ರೈವ್ ಖಾಲಿಯಿರುವಾಗಲೇ ಅಂಗಡಿಗೆ ಹಿಂತಿರುಗಿಸಬಹುದು. ಈ ದಾಖಲೆಯನ್ನು ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ತಂತ್ರಾಂಶ ತೆರೆದು ನೋಡುವವರು, ತಟ್ಟೆಯ ಕೆಟ್ಟ ಜಾಗಗಳನ್ನು ಎಣಿಸುವ 5, ಸಿ5 ಮತ್ತು ಸಿ6 ಸಾಲುಗಳ ಮೂಲ ಮೌಲ್ಯ (ರಾ ವ್ಯಾಲ್ಯೂ) ಸೊನ್ನೆಯಾಗಿದೆಯೇ ಎಂದು ಗಮನಿಸಬೇಕು. ಸಿ7 ಏರುತ್ತಿದ್ದರೆ ಹೆಚ್ಚಾಗಿ ತಪ್ಪು ಕೇಬಲಿನದ್ದು. ಸೀಗೇಟ್ ಡ್ರೈವ್‌ಗಳಲ್ಲಿ ಓದುವ ಮತ್ತು ಹುಡುಕುವ ತಪ್ಪುಗಳ 1 ಮತ್ತು 7ನೆಯ ಸಾಲುಗಳಲ್ಲಿ ಭಾರೀ ಸಂಖ್ಯೆ ಕಂಡು ಅನೇಕರು ಹೆದರುತ್ತಾರೆ. ಒಟ್ಟು ಕಾರ್ಯಗಳ ಎಣಿಕೆಯೂ ಅದೇ ಸಂಖ್ಯೆಯೊಳಗೆ ಸೇರಿರುವುದರಿಂದ ಅದು ದೋಷದ ಲಕ್ಷಣವಲ್ಲ.

ದೈನಂದಿನ ಬಳಕೆಯಲ್ಲಿ ವೇಗದ ಬಗ್ಗೆ ದೂರಿಲ್ಲ. ಖಾಲಿಯಿದ್ದಾಗ ಸೆಕೆಂಡಿಗೆ 200 ಎಂಬಿಯ ಆಸುಪಾಸಿನಲ್ಲಿ ಬರೆಯುತ್ತಿತ್ತು. ತುಂಬುತ್ತಾ ಒಳಗಿನ ಪಥಗಳಿಗೆ ಸರಿದಂತೆ ವೇಗ ಇಳಿಯುವುದು ಎಲ್ಲ ಹಾರ್ಡ್ ಡ್ರೈವ್‌ಗಳ ಸ್ವಭಾವ. ನಿಮಿಷಕ್ಕೆ 7200 ಸುತ್ತು ತಿರುಗುವ ಡ್ರೈವ್ ಆದುದರಿಂದ ಗುನುಗುವ ಸದ್ದೂ ಕಟಕಟ ಸದ್ದೂ ಇದ್ದೇ ಇವೆ. ಮೈಕ್ ಇಟ್ಟು ಧ್ವನಿಮುದ್ರಣ ಮಾಡುವ ಕೋಣೆಯಲ್ಲಿ ಅಂತಹ ಡ್ರೈವ್ ಬೇಡ. ನಮ್ಮ ಎಪ್ರಿಲಿನ ಸೆಕೆಯಲ್ಲಿ ಡ್ರೈವಿನ ಉಷ್ಣತೆ 45 ಡಿಗ್ರಿ ದಾಟಿದ್ದುಂಟು. ಕ್ಯಾಬಿನೆಟ್ಟಿನ ಮುಂಭಾಗಕ್ಕೆ 120 ಮಿಲಿಮೀಟರಿನ ಫ್ಯಾನ್ ಹಾಕಿದ ಬಳಿಕ ನಲ್ವತ್ತರ ಹತ್ತಿರ ನಿಂತಿದೆ.

ಈ ಸೀಮೆಯಲ್ಲಿ ತೇವಕ್ಕಿಂತಲೂ ಹೆಚ್ಚು ಎಚ್ಚರ ಬೇಕಾದದ್ದು ಕರೆಂಟಿನ ಬಗ್ಗೆ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ನನ್ನ ಟೇಪಿನ ಕೆಲಸ ಬಿರುಸಾಗುತ್ತದೆ. ಮಳೆಗೆ ಕರೆಂಟು ಹೋಗಿ ಬಂದು ಮಾಡುವುದೂ ಆಗಲೇ. ವಿಂಡೋಸ್‌ನ ಕಡತ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ತನ್ನ ರಚನೆಯನ್ನು ಸರಿಪಡಿಸಿಕೊಳ್ಳಬಹುದು, ಅರ್ಧ ಬರೆದ ವಿಡಿಯೋವನ್ನು ಅದು ಉಳಿಸಿಕೊಡದು. ಕರೆಂಟು ಹೋಗಿ ಮನೆಯ ಇನ್ವರ್ಟರಿಗೆ ಬದಲಾಗುವ ಆ ಕ್ಷಣದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗುವ ಸಂಭವವಿರುವುದರಿಂದ ಪ್ರತ್ಯೇಕ ಯುಪಿಎಸ್ ಇಟ್ಟಿದ್ದೇನೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲು ಶುರುವಾದರೆ ಯುಪಿಎಸ್ಸಿನ ಪ್ಲಗ್ಗಿನೊಂದಿಗೆ ಬ್ರಾಡ್‌ಬ್ಯಾಂಡ್ ಕೇಬಲನ್ನೂ ತೆಗೆದಿಡುತ್ತೇನೆ.

ವಾರಂಟಿ ಮುಗಿದಿರುವುದರಿಂದ ಇನ್ನು ಇದನ್ನು ದಿನನಿತ್ಯದ ಕೆಲಸಕ್ಕೆ ಬಳಸುವುದಿಲ್ಲ. ಹೊಸ ಸಿಎಂಆರ್ ಡ್ರೈವ್ ಕೊಂಡು ಎಲ್ಲವನ್ನೂ ನಕಲು ಮಾಡಿ, ಪ್ರತಿಯೊಂದು ಫೈಲಿನ ಚೆಕ್‌ಸಮ್ (ನಕಲು ಮೂಲದಂತೆಯೇ ಇದೆಯೇ ಎಂದು ತಿಳಿಸುವ ಸಂಖ್ಯೆ) ತಾಳೆ ನೋಡಿದ ಮೇಲೆ, ಈ ಐರನ್‌ವುಲ್ಫ್ ಎರಡನೆಯ ಪ್ರತಿಯಾಗಿ ನೀರ್ಚಾಲಿನ ನನ್ನ ತಂಗಿಯ ಮನೆಗೆ ಹೋಗಲಿದೆ.