ಇಸ್ಪೀಟಿನ ಬ್ರಿಡ್ಜ್ ಆಟ ಕಲಿಯೋಕೆ ಯಾವುದು ಒಳ್ಳೆಯದು? ಮೂರನ್ನೂ ಆಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಿಬಿಒಗೆ, ಅಂದರೆ ಬ್ರಿಡ್ಜ್ ಆಡುವ ವೆಬ್‌ಸೈಟ್ ಬ್ರಿಡ್ಜ್ ಬೇಸ್ ಆನ್‌ಲೈನ್‌ಗೆ. ಅದಕ್ಕೂ ಮುಂಚೆ ವರ್ಷದ ಚಂದಾ ಕಟ್ಟಿ ಮೊಬೈಲಿಗೆ ಒಂದು ಆಪ್ ಹಾಕಿಕೊಂಡಿದ್ದೆ, ಹೆಸರು ಬೇಡ. ಲ್ಯಾಪ್‌ಟಾಪ್‌ನಲ್ಲಿ ಡಬ್ಲ್ಯುಬ್ರಿಡ್ಜ್5 ಅನ್ನೋ ಪ್ರೋಗ್ರಾಂ ಜೊತೆ ಕೂಡ ಆಡಿದ್ದೇನೆ. ಮೂರರಲ್ಲಿ ಮೊದಲು ಬಿಟ್ಟದ್ದು ದುಡ್ಡು ಕೊಟ್ಟದ್ದನ್ನೇ.

ಆ ಆಪ್ ನೋಡೋಕೆ ಚೆನ್ನಾಗಿದೆ, ಪಾಠಗಳೂ ಪರವಾಗಿಲ್ಲ. ತೊಂದರೆ ಇರುವುದು ಅದು ತಪ್ಪು ಹಿಡಿಯುವ ರೀತಿಯಲ್ಲಿ. ಒಂದು ಆಟ ನೋಡಿ. ಡಮ್ಮಿಯಲ್ಲಿ, ಅಂದರೆ ಮೇಜಿನ ಮೇಲೆ ಬಿಚ್ಚಿಟ್ಟ ಪಾರ್ಟ್ನರ್ ಕೈಯಲ್ಲಿ, ಆಟೀನ್ ಎಕ್ಕ, ರಾಣಿ, ಗುಲಾಮ, ಹತ್ತು, ಒಂಬತ್ತು. ನನ್ನ ಕೈಯಲ್ಲಿ ಮೂರು ಸಣ್ಣ ಆಟೀನ್. ರಾಜ ಹೊರಗಿದ್ದಾನೆ. ನಾನು ಸಣ್ಣದು ಇಳಿಸಿದೆ, ಎಡಗಡೆಯವರೂ ಸಣ್ಣದೇ ಹಾಕಿದರು, ಡಮ್ಮಿಯಿಂದ ರಾಣಿ ಆಡಿದೆ. ಇದೇ ಫಿನೆಸ್. ರಾಜ ಎಡಗಡೆ ಇದ್ದರೆ ಗೆಲುವು, ಅರ್ಧಕ್ಕರ್ಧ ಅವಕಾಶ. ಆದರೆ ಬಲಗಡೆಯವರ ಹತ್ತಿರ ಇದ್ದದ್ದು ಒಂದೇ ಆಟೀನ್, ಅದೂ ರಾಜ! ಆಟ ಮುಗಿದ ಮೇಲೆ ಆಪ್ ನನ್ನ ರಾಣಿಗೆ ಕೆಂಪು ಗುರುತು ಹಾಕಿ, ತಪ್ಪು, ಎಕ್ಕ ಆಡಬೇಕಿತ್ತು ಅಂತ ತೋರಿಸಿತು.

ಅದು ಹೇಗೆ ತಪ್ಪಾಗುತ್ತದೆ? ಹೊರಗೆ ಐದು ಆಟೀನ್ ಇರುವಾಗ ಬಲಗಡೆ ರಾಜ ಒಬ್ಬನೇ ಇರುವುದು ನೂರಕ್ಕೆ ಮೂರು ಸಲ ಕೂಡ ಅಲ್ಲ. ಆಪ್ ನಾಲ್ಕೂ ಕೈ ನೋಡಿಕೊಂಡು ಲೆಕ್ಕ ಹಾಕುತ್ತದೆ, ಇದಕ್ಕೆ ಡಬಲ್ ಡಮ್ಮಿ ಅಂತಾರೆ. ನನಗೆ ಕಾಣುವುದು ಎರಡೇ ಕೈ. ಹೊಸಬರಿಗೆ ಇದರ ಮೇಲೇ ಅಂಕ ಕೊಟ್ಟರೆ ಫಿನೆಸ್ ಮಾಡೋಕೇ ಹೆದರಿಕೆ ಹುಟ್ಟುತ್ತದೆ. ಸರಿಯಾಗಿ ಆಡಿ ಸೋತದ್ದು ಯಾವುದು, ಕೆಟ್ಟದಾಗಿ ಆಡಿ ಸೋತದ್ದು ಯಾವುದು ಅಂತ ತಿಳಿಯೋದೇ ಇಲ್ಲಿ ಮುಖ್ಯ ಪಾಠ ಅಲ್ವಾ? ಅದನ್ನೇ ಅದು ಅಳಿಸಿಹಾಕುತ್ತದೆ. ಈ ಗುರುತು ಬರದ ಹಾಗೆ ಮಾಡೋಕೆ ಸೆಟ್ಟಿಂಗ್ಸ್ ಎಲ್ಲಾ ಹುಡುಕಿದೆ, ಸಿಗಲಿಲ್ಲ.

ಬಿಬಿಒದಲ್ಲೂ ಡಬಲ್ ಡಮ್ಮಿ ಇದೆ, ಆದರೆ ಆಟದ ನಂತರ ನಾವೇ ಬಟನ್ ಒತ್ತಿ ಕೇಳಿದರೆ ಮಾತ್ರ. ಅದಕ್ಕಿಂತ ಉಪಯೋಗಕ್ಕೆ ಬರುವುದು, ಅದೇ ಎಲೆಗಳನ್ನು ಬೇರೆಯವರು ಹೇಗೆ ಆಡಿದರು ಅಂತ ನೋಡಬಹುದು. ಎಲ್ಲರೂ ಅದೇ ಫಿನೆಸ್ ಮಾಡಿ ಸೋತಿದ್ದರೆ ನನ್ನ ಆಟ ಸರಿಯೇ ಇತ್ತು. ಇನ್ನೊಂದು, ಎಲೆ ಆಡುವ ಮುಂಚೆ ಕೂಗುವ ಪ್ರತಿ ಬಿಡ್‌ನ ಅರ್ಥ ಅಲ್ಲೇ ಕಾಣುತ್ತದೆ. ನಾನು ಒನ್ ನೋ ಟ್ರಂಪ್ ಅಂದ ಮೇಲೆ ರೋಬಾಟ್ ಪಾರ್ಟ್ನರ್ ಟೂ ಡೈಮಂಡ್ಸ್ ಅಂದರೆ ಅದು ಡೈಮಂಡ್ ಅಲ್ಲ, ಕನಿಷ್ಠ ಐದು ಆಟೀನ್ ಇದೆ ಅಂತ. ಇದನ್ನು ಪುಸ್ತಕದಲ್ಲಿ ಓದಿದ್ದರೂ ತಲೆಗೆ ಹತ್ತಿದ್ದು ಇಲ್ಲೇ.

ಒಂದು ಕೊರತೆ. ರೋಬಾಟ್ ಆಟಗಳಲ್ಲಿ ಸಾಮಾನ್ಯವಾಗಿ ಒಳ್ಳೆಯ ಕೈ ನಮಗೇ ಬರುತ್ತದೆ. ಹಾಗಾಗಿ ಡಿಫೆನ್ಸ್, ಅಂದರೆ ಎದುರಾಳಿಯ ಆಟ ತಡೆಯುವ ಅಭ್ಯಾಸ ಕಡಿಮೆ.

ಅದಕ್ಕೆ ಡಬ್ಲ್ಯುಬ್ರಿಡ್ಜ್5 ಇಟ್ಟುಕೊಂಡಿದ್ದೇನೆ. ಫ್ರಾನ್ಸಿನ ಈವ್ ಕೋಸ್ಟೆಲ್ ಬರೆದದ್ದು, ಪುಕ್ಕಟೆ, ನೆಟ್ ಬೇಡ. ಕಂಪ್ಯೂಟರ್ ಬ್ರಿಡ್ಜ್‌ನ ವಿಶ್ವ ಚಾಂಪಿಯನ್‌ಶಿಪ್ ಹಲವು ಸಲ ಗೆದ್ದಿದೆ. ನೋಡೋಕೆ ಹಳೇ ಕಾಲದ ಥರ ಇದೆ, ವಿಂಡೋಸ್ ಬೇಕು, ಪಾಠ ಹೇಳಿಕೊಡುವುದಿಲ್ಲ.

ನಾನು ಆಡುವುದು ರಾತ್ರಿ ಊಟ ಆದ ಮೇಲೆ, ನಿಧಾನವಾಗಿ. ಒಂದು ಎಲೆಗೆ ಎಷ್ಟು ಹೊತ್ತು ಯೋಚಿಸಿದರೂ ರೋಬಾಟ್‌ಗೆ ಬೇಜಾರಿಲ್ಲ. ಆಪ್‌ನ ಚಂದಾ ಮುಂದುವರಿಸಲಿಲ್ಲ. ಅದರಲ್ಲಿ ಸ್ವಲ್ಪ ಭಾಗ ಈಗ ಬಿಬಿಒದ ರೋಬಾಟ್ ಟೂರ್ನಮೆಂಟ್‌ಗಳಿಗೆ ಹೋಗುತ್ತದೆ, ಉಳಿದದ್ದು ಉಳಿಯಿತು.