ಕೋರ್ಸೇರ್ ವೆಂಜೆನ್ಸ್ ಎಲ್‌ಪಿಎಕ್ಸ್ 3200: ಎರಡು ಸ್ಟಿಕ್‌ನ 16 ಜಿಬಿ ಕಿಟ್ ಹೇಗಿದೆ?

ಬಿ450 ಅಥವಾ ಬಿ550 ಮದರ್‌ಬೋರ್ಡು, ರೈಜನ್ 3000 ಇಲ್ಲವೇ 5000 ಸರಣಿಯ ಪ್ರೊಸೆಸರ್, ಒಂದೇ ಒಂದು 8 ಜಿಬಿ ರ‍್ಯಾಮ್: ಇಂಥ ಡೆಸ್ಕ್‌ಟಾಪ್ ಇರುವವರಿಗೆ ಈ 8+8 ಜಿಬಿ ಡಿಡಿಆರ್4 (ನಾಲ್ಕನೇ ತಲೆಮಾರಿನ ರ‍್ಯಾಮ್) ಕಿಟ್ ಧಾರಾಳವಾಗಿ ಶಿಫಾರಸು ಮಾಡಬಹುದು. ಇಂಟೆಲ್ ಐ5-10400ರ ಜೊತೆ ಎಚ್410 ಅಥವಾ ಬಿ460 ಬೋರ್ಡ್ ಇದ್ದರೆ ಮಾತು ಬೇರೆ. ಅಲ್ಲಿ ರ‍್ಯಾಮ್ 2666ರ ವೇಗಕ್ಕಿಂತ (ಸೆಕೆಂಡಿಗೆ ಇಷ್ಟು ದಶಲಕ್ಷ ಸಲದ ಡೇಟಾ ವರ್ಗಾವಣೆ) ಮೇಲೆ ಓಡುವುದಿಲ್ಲ, 3200ಕ್ಕೆಂದು ಹೆಚ್ಚು ದುಡ್ಡು ಸುರಿಯಬೇಡಿ. ಡಿಡಿಆರ್5 ಬೋರ್ಡಿಗೆ ಇದು ಕೂರುವುದೇ ಇಲ್ಲ. ಪಿನ್ನುಗಳು ಎರಡರಲ್ಲೂ 288 ಆದರೂ ಕಚ್ಚಿನ ಜಾಗ ಬೇರೆ.

ಎಲ್‌ಪಿಎಕ್ಸ್‌ನ ದೊಡ್ಡ ಗುಣ ಅದರ ಗಿಡ್ಡ ಹೀಟ್ ಸ್ಪ್ರೆಡರ್ (ಬಿಸಿ ಹರಡುವ ಲೋಹದ ಕವಚ). ಟವರ್ ಕೂಲರ್‌ನ ಫ್ಯಾನ್ ಮೊದಲ ಸ್ಲಾಟ್‌ಗಳ ಮೇಲೆ ಚಾಚಿಕೊಂಡಿರುವ ಕೇಸಿನಲ್ಲಿ ಬಣ್ಣದ ದೀಪವಿರುವ ಎತ್ತರದ ಆರ್‌ಜಿಬಿ ಸ್ಟಿಕ್‌ಗಳು ತಾಗುತ್ತವೆ, ಇದು ಸಾಮಾನ್ಯವಾಗಿ ಕೆಳಗೇ ಸರಾಗವಾಗಿ ಕೂರುತ್ತದೆ. ದೀಪದ ಅಲಂಕಾರ ಇಲ್ಲ. ಅದೇ ಒಳ್ಳೆಯದು.

ಜೋಡಿಸುವಾಗ ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ಕರೆಂಟ್ ಹೋಗಲು ಬಿಡಿ. ಕೇಸಿನ ಲೋಹ ಮುಟ್ಟಿ ಆಮೇಲೆ ಸ್ಟಿಕ್ ಹಿಡಿಯಿರಿ. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು, ಅಂದರೆ ಎ2 ಮತ್ತು ಬಿ2. ಕ್ಲಿಪ್ ಟಕ್ ಎನ್ನುವ ತನಕ ಒತ್ತಬೇಕು. ಹೊಸ ರ‍್ಯಾಮ್ ಹಾಕಿದ ಮೇಲೆ ಡಿಸ್‌ಪ್ಲೇ ಬರದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಅರೆಬರೆ ಕೂತ ಸ್ಟಿಕ್ಕನ್ನೇ. ಮೊದಲ ಸಲ ಮೆಷಿನ್ ಒಂದೆರಡು ಬಾರಿ ತಾನೇ ರೀಸ್ಟಾರ್ಟ್ ಆದರೆ ಗಾಬರಿ ಬೇಡ.

ಬಹಳ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಡಬ್ಬಿಯ ಮೇಲೆ 3200 ಎಂದಿದ್ದರೂ ಈ ಕಿಟ್ ತಾನಾಗಿ ಓಡುವುದು 2133ರಲ್ಲಿ. ಬಯಾಸ್‌ಗೆ (ಮೆಷಿನ್ ಶುರುವಾಗುವಾಗ ತೆರೆಯುವ ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ ಡಬ್ಬಿಯ ಮೇಲಿನ ವೇಗ ಕೊಡುವ ಎಕ್ಸ್‌ಎಂಪಿ ಆನ್ ಮಾಡಬೇಕು (ಏಸಸ್ ಬೋರ್ಡಿನಲ್ಲಿ ಡಿಒಸಿಪಿ, ಎಂಎಸ್‌ಐನಲ್ಲಿ ಎ-ಎಕ್ಸ್‌ಎಂಪಿ). ಆಗ ವೋಲ್ಟೇಜ್ 1.2ರಿಂದ 1.35ಕ್ಕೆ ಏರುತ್ತದೆ, ಒಂದು ಚಾನೆಲ್‌ನ (ರ‍್ಯಾಮ್ ಮತ್ತು ಪ್ರೊಸೆಸರ್ ನಡುವಿನ ದಾರಿ) ಸಾಮರ್ಥ್ಯ ಸೆಕೆಂಡಿಗೆ ಸುಮಾರು 17ರಿಂದ 25.6 ಜಿಬಿಗೆ ಹೋಗುತ್ತದೆ. ಎರಡು ಚಾನೆಲ್ ಸೇರಿದರೆ 51.2. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ 5600ಜಿ ಥರದ ಪ್ರೊಸೆಸರ್‌ಗಳಲ್ಲಿ ಗೇಮ್ ಆಡುವಾಗ ಇದರ ಫಲ ಕಣ್ಣಿಗೇ ಕಾಣುತ್ತದೆ, ಏಕೆಂದರೆ ಅವುಗಳ ಗ್ರಾಫಿಕ್ಸ್ ಬಳಸುವುದು ಇದೇ ಮೆಮೊರಿಯನ್ನು. ಮೆಮೊರಿಯ ವೇಗ ತೋರಿಸುವ ಸಿಪಿಯು-ಝಡ್ ತಂತ್ರಾಂಶದಲ್ಲಿ 1600 ಎಂದು ತೋರಿಸಿದರೆ ಸರಿಯಾಗಿಯೇ ಇದೆ: ಡಿಡಿಆರ್ ಪ್ರತಿ ಮಿಡಿತಕ್ಕೆ ಎರಡು ಸಲ ಡೇಟಾ ಕಳಿಸುವುದರಿಂದ ನಿಜವಾದ ವೇಗ ಅದರ ಎರಡರಷ್ಟು. ಬೋರ್ಡಿನ ಮೇಲಿನ ನಾಣ್ಯದಂಥ 2032 ಸೆಲ್ ಸತ್ತರೆ ಈ ಸೆಟ್ಟಿಂಗ್ ಅಳಿಸಿಹೋಗಿ ವೇಗ ಮತ್ತೆ 2133ಕ್ಕೆ ಇಳಿಯಬಹುದು.

ಕೊರತೆಯೂ ಇದೆ. ಒಂದೇ ಹೆಸರಿನಡಿ ಬೇರೆ ಬೇರೆ ಕಂಪನಿಯ ಚಿಪ್‌ಗಳು ಬರುತ್ತವೆ. ಲೇಬಲ್‌ನ ವರ್ಷನ್ ಸಂಖ್ಯೆ 3ರಿಂದ ಶುರುವಾದರೆ ಮೈಕ್ರಾನ್, 4 ಸ್ಯಾಮ್‌ಸಂಗ್, 5 ಹೈನಿಕ್ಸ್. ಆದ್ದರಿಂದ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿ ಸ್ಟಿಕ್ ಎರಡು ಕೊಳ್ಳುವುದಾದರೆ ಕೌಂಟರ್‌ನಲ್ಲೇ ವರ್ಷನ್ ಹೋಲಿಸಿ ನೋಡಿ. ಹಳೆಯ ಸ್ಟಿಕ್ ಜೊತೆ ಬೆರೆಸಿದರೆ ಎಕ್ಸ್‌ಎಂಪಿ ಸ್ಥಿರವಾಗಿ ಓಡದೆ ವಿಂಡೋಸ್‌ನ ನೀಲಿ ಎರರ್ ಪರದೆ ಬರುವ ಸಾಧ್ಯತೆ ಇದೆ, ಅದಕ್ಕೇ ಸೀಲ್ ಒಡೆಯದ ಕಿಟ್ ಮೇಲು.

ಕೊನೆಗೆ ಪೆನ್‌ಡ್ರೈವ್‌ನಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ರಾತ್ರಿಯಿಡೀ ಓಡಿಸಿ. ಒಂದೇ ಎರರ್ ಬಂದರೂ ಒಪ್ಪಿಕೊಳ್ಳಬೇಡಿ; ಒಂದೊಂದೇ ಸ್ಟಿಕ್ ಹಾಕಿ ಕೆಟ್ಟದ್ದು ಯಾವುದೆಂದು ಪತ್ತೆ ಮಾಡಿ, ಅಂಗಡಿಯವರ ಬದಲಾವಣೆ ಅವಧಿ ಮುಗಿಯುವ ಮೊದಲೇ ಬಿಲ್ ಸಮೇತ ಎರಡನ್ನೂ ವಾಪಸ್ ಒಯ್ಯಿರಿ.